ಗೊಂಬೆಗಳೆಲ್ಲ ಮನೆ ಸೇರಿದವು, ನಿಮಗೆಲ್ಲ ನಮಸ್ಕಾರ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮಳೆನೀರಲ್ಲಿ ನೆನೆದ ಗೊಂಬೆಗಳಲ್ಲಿ ಕೊನೆಯ ಜೋಡಿ ಈ ನವರಾತ್ರಿಗೆ ಸ್ವಲ್ಪ ಮುಂಚೆ ಚಾಮರಾಜಪೇಟೆಯ ಮನೆಗೆ ಹೊರಟಿತು. ಈಗ ನನ್ನ ಕೋಣೆಯಲ್ಲಿ ಯಾರ ಒದ್ದೆ ಗೊಂಬೆಯೂ ಇಲ್ಲ. ಇದರಲ್ಲಿ ನನ್ನ ಕೈಗಿಂತ ಬೇರೆಯವರ ಕೈ ಜಾಸ್ತಿ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಹಿಡಿದವರನ್ನು ಕೇಳುವವರಿಲ್ಲ. ಹಾಗೆ ಕೂತಿದ್ದಾಗ ಪಕ್ಕದ ಮನೆಯವರು ಮೂಗು ಹೋದ ಕೃಷ್ಣನನ್ನು ತಂದು, 'ಸ್ವಲ್ಪ ನೋಡಿ' ಅಂದರು. ಅಲ್ಲಿಂದ ಶುರುವಾಗಿದ್ದು. ದಸರಾಕ್ಕೆ ಕೂರಿಸುವ ಗೊಂಬೆ, ಶೋಕೇಸಿನಲ್ಲಿ ನಿಂತ ಗೊಂಬೆ, ಅಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ (ರಕ್ತಚಂದನದ ರಾಜ ರಾಣಿ ಜೋಡಿ), ಎಲ್ಲವನ್ನೂ ರಿಪೇರಿ ಮಾಡುವುದೇ ಈಗ ಹೊಟ್ಟೆಪಾಡು.

ಕೋಣೆ ಇದ್ದಿದ್ದು ಕತ್ರಿಗುಪ್ಪೆಯ ತಗ್ಗಿನ ರಸ್ತೆಯಲ್ಲಿ, ನೆಲಮಹಡಿಯಲ್ಲಿ. ರಾತ್ರಿ ಸುರಿದ ಮಳೆಗೆ ಕಾಲುವೆ ಉಕ್ಕಿ ನೀರು ಒಳಗೆ ಬಂತು. ಮೇಜಿನ ಮೇಲಿದ್ದವು ಉಳಿದವು. ನೆಲದ ಮೇಲಿದ್ದ ಟ್ರಂಕುಗಳಿಗೆ ನೀರು ಹೊಕ್ಕಿತ್ತು. ಒಂದು ಟ್ರಂಕಿನ ಮುಚ್ಚಳ ತೆಗೆದರೆ ಚನ್ನಪಟ್ಟಣದ ಗೊಂಬೆಗಳು ಮೇಲೆ ತೇಲುತ್ತಿವೆ, ಪಟ್ಟದ ರಾಜ ರಾಣಿ ತಳ ಸೇರಿದ್ದಾರೆ. ಅಸಲಿ ರಕ್ತಚಂದನ ನೀರಿಗಿಂತ ಭಾರ, ಮುಳುಗಿಬಿಡುತ್ತದೆ. ಅಂಥ ಹೊತ್ತಿನಲ್ಲೂ 'ಓ, ಇದು ಅಸಲಿ ಮರವೇ' ಅಂತ ತಲೆಗೆ ಬಂತು ನೋಡಿ. ಕಸುಬಿನ ಚಟ.

ಮೊದಲ ನಮಸ್ಕಾರ ನಮ್ಮ ರಸ್ತೆಯ ಇಸ್ತ್ರಿ ಅಂಗಡಿಯವರಿಗೆ. ಅವರ ಅಂಗಡಿಗೂ ನೀರು ನುಗ್ಗಿತ್ತು. ಆದರೂ ಮಗನನ್ನು ಕರೆದುಕೊಂಡು ಬಂದು ನನ್ನ ಟ್ರಂಕುಗಳನ್ನು ಮೇಲೆ ಹೊತ್ತರು. ನೀರು ತುಂಬಿದ ಕಬ್ಬಿಣದ ಟ್ರಂಕನ್ನು ಮೆಟ್ಟಿಲ ಮೇಲೆ ಹೊರುವುದು ಹೇಗಿರುತ್ತದೆ ಅಂತ ಹೊತ್ತವರಿಗೇ ಗೊತ್ತು. ಮಹಡಿಯ ಮನೆಯವರು, ಅಂದರೆ ನಮ್ಮ ಓನರ್, ತಮ್ಮ ಹಾಲ್ ಬಿಟ್ಟುಕೊಟ್ಟರು. ಒಂದೆರಡು ದಿನಕ್ಕೆ ಅಂದುಕೊಂಡಿದ್ದರು ಪಾಪ. ದೀಪಾವಳಿ ಮುಗಿದರೂ ಅವರ ಸೋಫಾದ ಮುಂದೆ ದಶಾವತಾರ ಹಾಗೇ ಮಲಗಿತ್ತು. ನೆಂಟರು ಬಂದರೆ ದಾಟಿಕೊಂಡೇ ಓಡಾಡುತ್ತಿದ್ದರು. ಆ ತಿಂಗಳುಗಳ ಬಾಡಿಗೆಯನ್ನೂ ಅಮ್ಮಾವರು ಕೇಳಲಿಲ್ಲ.

ಮುಂದಿನದು ಪಾಟರಿ ಟೌನಿನ ಹಿರಿಯ ಕುಂಬಾರರೊಬ್ಬರಿಗೆ. ಗೊಂಬೆಗಳನ್ನು ಬಿಸಿಲಿಗೆ ಇಡೋಣ, ಫ್ಯಾನ್ ಹಾಕೋಣ ಅಂತ ಎಲ್ಲರೂ ಹೇಳುತ್ತಿದ್ದರು. ನನಗೂ ಹಾಗೇ ಅನಿಸಿತ್ತು. ಫೋನಿನಲ್ಲಿ ಕೇಳಿದ ಕೂಡಲೇ ಅವರು, 'ಬೇಡ ಸ್ವಾಮಿ, ಫ್ಯಾನ್ ಆರಿಸಿ ಮೊದಲು' ಅಂದರು. ಸುಡದ ಮಣ್ಣು ಒಣಗುವಾಗ ಕುಗ್ಗುತ್ತದೆ. ಹೊರಗಿನ ಪದರ ಬೇಗ ಒಣಗಿ ಕುಗ್ಗಿತು, ಒಳಗೆ ಇನ್ನೂ ಹಸಿ ಇದೆ ಅಂದರೆ ಗೊಂಬೆ ಸೀಳುತ್ತದೆ. ಹಾಗಾಗಿ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ದಿನಾ ಸ್ವಲ್ಪ ಸ್ವಲ್ಪ ಸಡಿಲ ಮಾಡಬೇಕು. ನೆರಳಲ್ಲೇ ಒಣಗಬೇಕು. ಬೂಸ್ಟು ಬಂದರೆ ಒರೆಸಬೇಕು. ಬೇಜಾರಿನ ಕೆಲಸ. ಸುತ್ತಲು ಹಳೆ ಕಾಟನ್ ಪಂಚೆ, ಸೀರೆ ಬೇಕು ಅಂದಾಗ ಬೀದಿಯವರೆಲ್ಲ ತಂದು ಸುರಿದರು. ಯಾರದೋ ರೇಷ್ಮೆ ಸೀರೆಯೂ ಅದರಲ್ಲಿ ಬಂದುಬಿಟ್ಟಿತ್ತು, ವಾಪಸ್ ಕೊಟ್ಟೆ.

ಸುಟ್ಟ ಮಣ್ಣಿನ ಗೊಂಬೆಗಳಿಗೆ ಮೈ ಹೋಗಲಿಲ್ಲ, ಬಣ್ಣ ಮಾತ್ರ ಹೋಯಿತು. ಗೋಂದು ಕಲಸಿದ ಹಳೆ ಪುಡಿಬಣ್ಣ ನೀರು ತಾಕಿದರೆ ಎದ್ದು ಬರುತ್ತದೆ. ಮಧ್ಯೆ ಯಾರೋ ಎನಾಮಲ್ ಬಳಿದಿದ್ದ ಗೊಂಬೆಗಳ ಕಥೆ ಬೇರೆ. ತಳದ ತೂತಿನಿಂದ ಒಳಹೋದ ನೀರು ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ಹಪ್ಪಳದ ಹಾಗೆ ಎಬ್ಬಿಸಿತ್ತು. ಜೀವನವಿಡೀ ಎನಾಮಲ್‌ನಲ್ಲಿ ಬೋರ್ಡ್ ಬರೆದವನು ಹೇಳುತ್ತಿದ್ದೇನೆ, ದಯವಿಟ್ಟು ಮಣ್ಣಿನ ಗೊಂಬೆಗೆ ಎನಾಮಲ್ ಬಳಿಯಬೇಡಿ. ಅದು ತಗಡಿಗೆ ಸರಿ.

ಕಾಗದದ ಗೊಂಬೆಗಳು ಊದಿ ಅರಳಿಹೋದವು, ಕೆಲವನ್ನು ಉಳಿಸಲು ಆಗಲಿಲ್ಲ. ಸುಡದ ಹಸಿ ಮಣ್ಣಿನವು ಇನ್ನೂ ಕಷ್ಟ, ಕೆಲವು ನೀರಲ್ಲಿ ಕರಗಿ ಮಣ್ಣೇ ಆದವು. ಹಾಗೆ ಹೋಗಿದ್ದು ಮಲ್ಲೇಶ್ವರದ ಅಮ್ಮ ಒಬ್ಬರ ಶೆಟ್ಟಮ್ಮ, ದಿನಸಿ ಅಂಗಡಿಯ ಶೆಟ್ಟಿ ಶೆಟ್ಟಮ್ಮ ಜೋಡಿಯ ಹೆಣ್ಣು ಗೊಂಬೆ. ಶೆಟ್ಟಿ ಸುಟ್ಟ ಮಣ್ಣಿನವನು, ಉಳಿದಿದ್ದ. ಬೇಳೆ ಬೆಲ್ಲದ ಅಂಗಡಿ ಮುಂದೆ ಅವನೊಬ್ಬನನ್ನೇ ಕೂರಿಸುವುದು ಹೇಗೆ? ಹೇಗೆ ಹೇಳಲಿ ಅಂತ ಒದ್ದಾಡಿ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: 'ಆ ಮಣ್ಣು ಇದೆಯಾ?' ಇತ್ತು. ಬಕೆಟ್ಟಿನಲ್ಲಿತ್ತು. ಸುಡದ ಮಣ್ಣನ್ನು ಮತ್ತೆ ಕಲಸಬಹುದಲ್ಲ. ಕುಂಬಾರರು ಬಣ್ಣದ ಚೂರುಗಳನ್ನು ಆರಿಸಿ ತೆಗೆದು, ಸೋಸಿ, ಹೊಸ ಜೇಡಿ ಬೆರೆಸಿ, ಹಳೆ ಫೋಟೋ ನೋಡಿಕೊಂಡು ಶೆಟ್ಟಮ್ಮನನ್ನು ಮತ್ತೆ ಮಾಡಿದರು. ಈ ಸಲ ಸುಟ್ಟೇ ಕೊಟ್ಟರು. ಸ್ವಲ್ಪ ದಪ್ಪ ಆಗಿದ್ದಾಳೆ. ಆ ಅಮ್ಮ ನೋಡಿ, 'ವಯಸ್ಸಾಯ್ತಲ್ಲ, ಇರಲಿ ಬಿಡಿ' ಅಂದರು.

ಚನ್ನಪಟ್ಟಣದ ಲೇತ್ ಕೆಲಸದ ಭಾಯ್‌ಗೆ ವಿಶೇಷ ನಮಸ್ಕಾರ. ವಿಶೇಷ ಯಾಕೆ ಅಂದರೆ ಅವರು ನನ್ನ ಕೆಲಸ ಮಾಡಲ್ಲ ಅಂದರು. ಅಲ್ಲಿಯ ಗೊಂಬೆಗೆ ಬಳಸುವುದು ಹಾಲೆ ಮರ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಶಾಖಕ್ಕೇ ಅರಗು ಕರಗಿ ಹಿಡಿದುಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಆ ಹೊಳಪು. ಮರದಲ್ಲಿ ಪಸೆ ಇದ್ದರೆ ಅರಗು ನಿಲ್ಲುವುದಿಲ್ಲ. ನಾನು ದಸರಾ ಹತ್ತಿರ ಬಂತು ಅಂತ ಅವಸರಪಡಿಸಿದರೆ, ಗೊಂಬೆಯನ್ನು ಕೈಯಲ್ಲಿ ತೂಗಿ ನೋಡಿ, 'ಇನ್ನೂ ನೀರು ಕುಡಿದೈತೆ ಸಾರ್, ಬೇಸಿಗೆ ಕಳೆದು ತನ್ನಿ' ಅಂತ ವಾಪಸ್ ಕಳಿಸಿದರು. ಬೇಸಿಗೆ ಕಳೆದು ಹೋದಾಗ ಮಾಡಿಕೊಟ್ಟರು. ಬಿರುಕು ಬಿಟ್ಟ ಕೈಕಾಲುಗಳಿಗೆ ಹೊಸದು ಕಡೆದು, ಹಳೆ ಕೆಂಪಿಗೆ ಹೊಂದುವ ಅರಗನ್ನು ಹುಡುಕಿ ಹಾಕಿದ್ದಾರೆ. ಪಕ್ಕಪಕ್ಕ ಇಟ್ಟು ನೋಡಿದರೂ ಬೇಗ ಗೊತ್ತಾಗುವುದಿಲ್ಲ.

ಚಿಕ್ಕಪೇಟೆಯ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯವರು ನನಗಾಗಿ ಒಳ್ಳೆ ಗೋಂದು ಆರಿಸಿ ಇಡುತ್ತಿದ್ದರು, ದುಡ್ಡಿಗೂ ಕಾದರು. ಅವರಿಗೂ ನಮಸ್ಕಾರ.

ಗೊಂಬೆ ಕೊಟ್ಟವರ ಬಗ್ಗೆ ಹೇಳಬೇಕು. ಸಿಟ್ಟಾದವರು ಇದ್ದರು, ಆಗಲೇಬೇಕಿತ್ತು, ಅಮ್ಮನ ಗೊಂಬೆ ಅಲ್ವಾ. ಒಬ್ಬರು ಬಂದು ಬೈದು, ಆಮೇಲೆ ಅಲ್ಲೇ ಕೂತು ಬಟ್ಟೆ ಸುತ್ತಲು ಕೈ ಹಾಕಿದರು. ಚಾಮರಾಜಪೇಟೆಯ ಅಜ್ಜಿ ಮಾತ್ರ ಮೊದಲ ದಿನವೇ, 'ಅವಸರ ಮಾಡಬೇಡಪ್ಪ, ಮುಂದಿನ ದಸರಾಕ್ಕೆ ಕೊಡು' ಅಂದರು. ಪಟ್ಟದ ಗೊಂಬೆ ಇಲ್ಲದೆ ಗೊಂಬೆ ಕೂರಿಸುವುದು ಅವರ ಮನೆಯಲ್ಲಿ ಅದೇ ಮೊದಲಂತೆ. ಮೇಲಿನ ಮೆಟ್ಟಿಲಲ್ಲಿ ಕಲಶ ಇಟ್ಟು, ಎರಡು ಅಡಿಕೆಗೆ ಅರಿಶಿನ ಕುಂಕುಮ ಹಚ್ಚಿ ರಾಜ ರಾಣಿ ಅಂತ ಕೂರಿಸಿದ್ದರು. ಗೊಂಬೆ ನೋಡಲು ಬಂದ ಮಕ್ಕಳು ನಕ್ಕರಂತೆ. 'ರಾಜ ರಾಣಿ ಆಸ್ಪತ್ರೆಯಲ್ಲಿದ್ದಾರೆ' ಅಂತ ಹೇಳಿ ಬಾಗಿನ ಕೊಟ್ಟು ಕಳಿಸಿದರಂತೆ.

ನಾನು ಹಳೆ ಗೊಂಬೆಯನ್ನು ಹೊಸದರಂತೆ ಮಾಡುವುದಿಲ್ಲ. ಈ ವಿಷಯಕ್ಕೆ ಎಷ್ಟೋ ಜನರ ಜೊತೆ ಜಗಳ ಆಗಿದೆ. ಬಣ್ಣ ಹೋದ ಕಡೆ ಮಾತ್ರ ಬಣ್ಣ, ಉಳಿದ ಕಡೆ ಮುಟ್ಟುವುದಿಲ್ಲ. ಸೆರಗಿನ ಅಂಚು ಮಾಸಿದ್ದರೆ ಮಾಸಿರಲಿ. ಫಳಫಳ ಬೇಕಾದರೆ ಪೇಟೆಯಲ್ಲಿ ಹೊಸ ಗೊಂಬೆ ಸಿಗುತ್ತದೆ. ಈ ವರ್ಷ ನೀವ್ಯಾರೂ ಆ ಜಗಳ ಆಡಲಿಲ್ಲ, ಅದಕ್ಕೊಂದು ದೊಡ್ಡ ಥ್ಯಾಂಕ್ಸ್.

ನನ್ನ ಹೆಂಡತಿ ತನ್ನ ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಆದರೆ ನೀವು ಹೊಗಳಿದ ಕಣ್ಣುಗಳೆಲ್ಲ ಅವಳು ಬರೆದವು. ಅಡಿಗಟ್ಟಲೆ ಅಕ್ಷರ ಬರೆದು ಪಳಗಿದ ನನ್ನ ಕೈ ಅಷ್ಟು ಸಣ್ಣದಕ್ಕೆ ಬಗ್ಗುವುದಿಲ್ಲ. ಎಲ್ಲ ಬಣ್ಣ ಒಣಗಿದ ಮೇಲೆ, ಅಡುಗೆ ಮುಗಿಸಿ, ಮೂರು ಸೊನ್ನೆ ಬ್ರಷ್ ಹಿಡಿದು ಕೂರುತ್ತಿದ್ದಳು. ಆಗ ಮನೆಯಲ್ಲಿ ಟಿವಿ ಹಾಕುವ ಹಾಗಿರಲಿಲ್ಲ.

ಈಗ ಕೋಣೆ ಅದೇ ರಸ್ತೆಯ ಮೊದಲ ಮಹಡಿಗೆ ಬಂದಿದೆ. ಹೊಸ ಕೆಲಸ ಸಂಕ್ರಾಂತಿ ಕಳೆದ ಮೇಲೆ ತೆಗೆದುಕೊಳ್ಳುತ್ತೇನೆ. ದಸರಾಕ್ಕೆ ಬೇಕಾದ್ದನ್ನು ಬೇಸಿಗೆಯಲ್ಲೇ ಕೊಡಿ, ಮಹಾಲಯ ಅಮಾವಾಸ್ಯೆಗೆ ತಂದು 'ಅರ್ಜೆಂಟ್' ಅನ್ನಬೇಡಿ. ಗೊಂಬೆ ಮಲಗಿಸಿದ ಮೇಲೆ ನ್ಯೂಸ್ ಪೇಪರಿನಲ್ಲಿ ಸುತ್ತಬೇಡಿ, ಒದ್ದೆಯಾದರೆ ಅಕ್ಷರ ಮೈಗೆ ಅಂಟುತ್ತದೆ. ಒಬ್ಬ ವಿಷ್ಣುವಿನ ಬೆನ್ನ ಮೇಲಿನ ಕ್ರಿಕೆಟ್ ಸ್ಕೋರ್ ಅಳಿಸಲು ಸಾಕುಸಾಕಾಯಿತು. ಹಳೆ ಕಾಟನ್ ಬಟ್ಟೆಯೇ ವಾಸಿ. ಟ್ರಂಕನ್ನು ನೆಲದ ಮೇಲೆ ಇಡಬೇಡಿ.

ಇನ್ನೊಂದು. ಹಸಿರು ದಾರ ಕಟ್ಟಿದ ಒಂದು ಬೀಗದ ಕೈ ನನ್ನ ಹತ್ತಿರವೇ ಉಳಿದಿದೆ. ಯಾರ ಟ್ರಂಕಿನದು ಅಂತ ಹೇಳಿದರೆ ಮನೆಗೇ ತಂದುಕೊಡುತ್ತೇನೆ.