ಬ್ರೇಕ್ ಪ್ಯಾಡ್ ಕುರಿತು ಮಗಳಿಗೊಂದು ಪತ್ರ

ಉಡುಪಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವ ಮೊದಲು ರೇಸಿಂಗ್ ಪ್ಯಾಡ್ ಹಾಕಿಸಿ, ಅದೇ ಪ್ಯಾಡ್‌ನಲ್ಲಿ ಶಿರಾಡಿ ಘಾಟಿ ಇಳಿದು ಊರಿಗೂ ಬರುವೆನೆಂದು ನೀನು ಹೇಳಿದಂದಿನಿಂದ ನನ್ನ ಮನಸ್ಸು ಅಲ್ಲೇ ಇದೆ. ಪಾಲಿಟೆಕ್ನಿಕ್‌ನಲ್ಲಿ ಇಷ್ಟು ವರ್ಷ ಬ್ರೇಕಿನ ಪಾಠ ಮಾಡಿದವಳಾದ್ದರಿಂದ, ಫೋನಿನಲ್ಲಿ ಹೇಳಿ ಮುಗಿಯದ ಈ ವಿಷಯವನ್ನು ಬರೆದೇ ತಿಳಿಸುತ್ತಿದ್ದೇನೆ.

ಸಾವಿರ ಕಿಲೋ ತೂಕದ ಕಾರನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ರಸ್ತೆಯಲ್ಲಿ ಮುಂದಿನ ಬ್ರೇಕ್ ಬರುವಷ್ಟರಲ್ಲಿ, ಚಕ್ರದೊಡನೆ ತಿರುಗುವ, ಪ್ಯಾಡ್‌ಗಳು ಒತ್ತಿ ಹಿಡಿಯುವ ಡಿಸ್ಕ್ ತಣಿದಿರುತ್ತದೆ. ಟ್ರ್ಯಾಕ್‌ನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಂದಿನ ತಿರುವು ಎದುರಾಗುವುದರಿಂದ ಶಾಖ ಶೇಖರವಾಗುತ್ತಲೇ ಹೋಗುತ್ತದೆ. ಆಗ ಸಾಧಾರಣ ಪ್ಯಾಡ್‌ನೊಳಗಿನ ಅಂಟು ಬೆಂದು ಅನಿಲ ಬಿಡುತ್ತದೆ, ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರು ನಿಲ್ಲುವುದಿಲ್ಲ. ರೇಸಿಂಗ್ ಪ್ಯಾಡ್ ಈ ಬಿಸಿಯನ್ನು ತಾಳಿಕೊಳ್ಳುತ್ತದೆ ನಿಜ, ಆದರೆ ಅದು ಚೆನ್ನಾಗಿ ಹಿಡಿಯಬೇಕಾದರೆ ಆ ಬಿಸಿಯೇ ಬೇಕು. ಆಷಾಢದ ಮಳೆಯ ಬೆಳಿಗ್ಗೆ, ಮನೆಯಿಂದ ಹೊರಟು ಕಲ್ಸಂಕದಲ್ಲಿ ಹಾಕುವ ಮೊದಲ ಬ್ರೇಕಿಗೆ ಆ ಬಿಸಿ ಎಲ್ಲಿಂದ ಬರಬೇಕು? ಮಗುವೊಂದು ರಸ್ತೆಗೆ ಅಡ್ಡ ಬರುವುದು ಅಂಥ ಹೊತ್ತಿನಲ್ಲೇ. ತಣ್ಣಗಿರುವಾಗ ಅದು ಕಿರಿಚುತ್ತದೆ, ಡಿಸ್ಕನ್ನು ತೇಯುತ್ತದೆ ಎಂಬುದೆಲ್ಲ ಅನಂತರದ ಮಾತು.

ಆದ್ದರಿಂದ ಎರಡು ಜೊತೆ ಇಟ್ಟುಕೊ. ನಿತ್ಯದ ಓಡಾಟಕ್ಕೆ ಒಳ್ಳೆಯ ಸೆಮಿ ಮೆಟಾಲಿಕ್, ಅಂದರೆ ಲೋಹದ ಅಂಶ ಬೆರೆತ ಪ್ಯಾಡ್ ಇರಲಿ. ಟ್ರ್ಯಾಕ್‌ನದನ್ನು ಅಲ್ಲಿಗೆ ತಲುಪಿದ ಮೇಲೆ ಹಾಕಿ, ಹೊರಡುವ ಮೊದಲು ಬಿಚ್ಚು. ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಎಫ್‌ಎಫ್, ಜಿಜಿ ಎಂಬಂಥ ಎರಡು ಅಕ್ಷರಗಳಿರುತ್ತವೆ: ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣಾಂಕವನ್ನೂ (ಹಿಡಿತದ ಅಳತೆ) ಎರಡನೆಯದು ಹೆಚ್ಚು ಬಿಸಿಯಲ್ಲಿನದನ್ನೂ ಸೂಚಿಸುತ್ತದೆ; ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಆದರೆ ಆ ಪರೀಕ್ಷೆ ಸುಮಾರು 340 ಡಿಗ್ರಿ ಸೆಲ್ಸಿಯಸ್‌ಗೇ ನಿಲ್ಲುವುದರಿಂದ ಟ್ರ್ಯಾಕ್‌ಗೆ ಅದನ್ನು ನಂಬಬೇಡ, ತಯಾರಕರು ಹೇಳುವ ತಾಪಮಾನದ ವ್ಯಾಪ್ತಿಯನ್ನು ನೋಡು. ಪ್ಯಾಡ್ ತನ್ನ ತೆಳುವಾದ ಪದರವೊಂದನ್ನು ಡಿಸ್ಕಿನ ಮೇಲೆ ಬಿಡುತ್ತದೆ. ಒಂದರ ಪದರದ ಮೇಲೆ ಹೊಂದದ ಇನ್ನೊಂದು ಪ್ಯಾಡ್ ಉಜ್ಜಿದರೆ ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗುವುದುಂಟು. ಆದ್ದರಿಂದ ಒಂದೇ ಕಂಪನಿಯ, ಒಂದಕ್ಕೊಂದು ಹೊಂದುವ ಎರಡು ಬಗೆಗಳನ್ನು ಆರಿಸಿ, ಆ ಪದರ ಸಮವಾಗಿ ಕೂರುವಂತೆ ಹೊಸದನ್ನು ಅವರು ಹೇಳಿದ ಕ್ರಮದಲ್ಲೇ ಪಳಗಿಸು. ಸುತ್ತು ಮುಗಿಸಿ ಬಂದು ನಿಲ್ಲಿಸಿದಾಗ, ಬಿಸಿ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡೇ ಇರದಂತೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡು.

ಪ್ಯಾಡ್‌ಗಿಂತ ಮೊದಲು, ಪೆಡಲಿನ ಒತ್ತಡವನ್ನು ಪ್ಯಾಡ್‌ಗೆ ಮುಟ್ಟಿಸುವ ಬ್ರೇಕ್ ಆಯಿಲ್ ಬದಲಿಸಲೇಬೇಕು. ನೀನು ಚಿಕ್ಕವಳಿದ್ದಾಗ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುತ್ತ ಸೋಮೇಶ್ವರ ಸಮೀಪಿಸುವಾಗ ನನ್ನ ಕಾಲಡಿಯ ಪೆಡಲ್ ಮೆತ್ತಗಾಗಿ ತಳ ಮುಟ್ಟಿತ್ತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಹಿಡಿದು ನಿಲ್ಲಿಸಿದಾಗ ನೀನು ಹಿಂದಿನ ಸೀಟಿನಲ್ಲಿ ಮಲಗಿದ್ದೆ. ಪ್ಯಾಡ್ ಸರಿಯಾಗಿಯೇ ಇತ್ತು, ವರ್ಷಗಟ್ಟಲೆ ಬದಲಿಸದ ಆಯಿಲ್ ಕುದಿದಿತ್ತು. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಕಡಲತೀರದಲ್ಲಿ ತೇವಕ್ಕೇನು ಕೊರತೆ! ಡಾಟ್ 4 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು; ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸೀಲ್ ಒಡೆಯದ ಬಾಟಲಿಯನ್ನೇ ಕೊಂಡುಕೊ. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಟ್ರ್ಯಾಕ್‌ಗೆ ಇಳಿಯಬೇಡ, ತೆಳ್ಳಗಾದಷ್ಟೂ ಶಾಖ ಆಯಿಲ್‌ಗೆ ಬೇಗ ದಾಟುತ್ತದೆ.

ಈಗಲೇ ಎರಡು ಜೊತೆಗೆ ಹಣ ಸಾಲದಿದ್ದರೆ ರಸ್ತೆಯದನ್ನೇ ಇಟ್ಟುಕೊಂಡು, ಎರಡು ಸುತ್ತು ಜೋರಾಗಿ ಓಡಿಸಿ ಒಂದು ಸುತ್ತು ತಣಿಸು.

ನವರಾತ್ರಿಗೆ ಬರುವಾಗ ಬಿಚ್ಚಿದ ಹಳೆಯ ಪ್ಯಾಡ್‌ಗಳನ್ನು ಎಸೆಯದೆ, ಯಾವುದು ಯಾವ ಚಕ್ರದ್ದೆಂದು ಗುರುತು ಹಾಕಿ ತಾ. ಒಳಗಿನದು ಹೊರಗಿನದಕ್ಕಿಂತ ಹೆಚ್ಚು ಸವೆದಿದ್ದರೆ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ನ ಪಿನ್ ಜಾರದೆ ಸಿಕ್ಕಿಕೊಂಡಿರಬಹುದು. ಅಂಗಳದಲ್ಲೇ ಚಕ್ರ ಬಿಚ್ಚಿ ಇಬ್ಬರೂ ನೋಡೋಣ.

ನಿನ್ನ ಅಮ್ಮ