ಎರಡೇ ಪಂದ್ಯ ಆಡಿದ ಸಾಲೊಮನ್

ಪ್ರೀತಿಯ ಗೆಳೆಯಾ,

ಚೆನ್ನಾಗಿದ್ದೀಯಾ? ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಮುಗಿಸುತ್ತೇನೆ. ಅದೇ, ಮೋಸ್ ಸಾಲೊಮನ್ ಬಗ್ಗೆ. ಬೇಸ್‌ಬಾಲ್‌ನ ದೊಡ್ಡ ಲೀಗ್‌ನಲ್ಲಿ ಅವನು ಆಡಿದ್ದು ಎರಡೇ ಎರಡು ಪಂದ್ಯ. ಕೈಗೆ ಬಂದ ಅವಕಾಶವನ್ನು ಹಟ ಮಾಡಿ ಕಳೆದುಕೊಂಡ ಅಂತ ಅನ್ನಿಸುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ.

1923ರ ನ್ಯೂಯಾರ್ಕ್. ಅಲ್ಲಿವರೆಗೆ ಯಾಂಕೀಸ್ ತಂಡ ಜೈಂಟ್ಸ್ ತಂಡದ ಪೋಲೊ ಗ್ರೌಂಡ್ಸ್‌ನಲ್ಲಿ ಬಾಡಿಗೆಗೆ ಆಡುತ್ತಿತ್ತು. ಆ ವರ್ಷ ಅದು ಸ್ವಂತ ಸ್ಟೇಡಿಯಂ ಕಟ್ಟಿಕೊಂಡಿತು. ಅವರ ಬ್ಯಾಟರ್ ಬೇಬ್ ರೂತ್ ಹೊಡೆಯುವ ಹೋಮ್ ರನ್ (ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ, ನಮ್ಮ ಸಿಕ್ಸರ್ ಇದ್ದ ಹಾಗೆ) ನೋಡಲು ಜನ ಅತ್ತ ಮುಗಿಬಿದ್ದರು. ಜೈಂಟ್ಸ್ ಮ್ಯಾನೇಜರ್ ಜಾನ್ ಮೆಗ್ರಾಗೂ ಒಬ್ಬ ಹೀರೊ ಬೇಕಿತ್ತು. ಊರಲ್ಲಿ ಯಹೂದಿಗಳು ಜಾಸ್ತಿ. ಯಹೂದಿ ಹುಡುಗನೇ ಸಿಕ್ಕಿಬಿಟ್ಟರೆ ಗ್ಯಾಲರಿ ತುಂಬುತ್ತದೆ ಅನ್ನುವುದು ಲೆಕ್ಕ.

ಸಾಲೊಮನ್ ಯಹೂದಿಯೇ. ಆಗ ಕ್ಯಾನ್ಸಸ್‌ನ ಹಚಿನ್ಸನ್ ಊರಿನ ಸಣ್ಣ ಲೀಗ್ ತಂಡದಲ್ಲಿದ್ದ. ಹುಟ್ಟಿದ್ದು ನ್ಯೂಯಾರ್ಕಿನಲ್ಲೇ, 1900ರಲ್ಲಿ. ಒಂದೇ ಸೀಸನ್‌ನಲ್ಲಿ 49 ಹೋಮ್ ರನ್ ಹೊಡೆದಿದ್ದ! ಸರಾಸರಿ .421, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ನಾಲ್ಕಕ್ಕಿಂತ ಹೆಚ್ಚು ಹಿಟ್. ಹತ್ತಕ್ಕೆ ಮೂರು ಹಿಟ್ ಬಂದರೇ ಒಳ್ಳೆಯ ಬ್ಯಾಟರ್ ಅನ್ನುವ ಆಟ ಅದು, ನೋಡು. ಫೀಲ್ಡಿಂಗ್ ಮಾತ್ರ ಅಷ್ಟಕ್ಕಷ್ಟೇ. ರೂತ್ ‘ಸುಲ್ತಾನ್ ಆಫ್ ಸ್ವಾಟ್’ ಆದರೆ ಇವನಿಗೆ ‘ರಬ್ಬಿ ಆಫ್ ಸ್ವಾಟ್’ ಅಂತ ಹೆಸರು ಬಿತ್ತು. ಸ್ವಾಟ್ ಅಂದರೆ ಬಲವಾದ ಹೊಡೆತ, ರಬ್ಬಿ ಅಂದರೆ ಯಹೂದಿ ಧರ್ಮಗುರು. ಯಹೂದಿ ಆಟಗಾರರಲ್ಲಿ ಕೆಲವರು ಯಹೂದಿ ಅಂತ ಗೊತ್ತಾಗದ ಹಾಗೆ ಹೆಸರು ಬದಲಿಸಿಕೊಂಡು ಆಡುತ್ತಿದ್ದ ಕಾಲ ಅದು. ಅಂಥ ಹೊತ್ತಲ್ಲಿ ಈ ಬಿರುದು ಹೊತ್ತು ಮೈದಾನಕ್ಕಿಳಿಯುವುದು ಸಣ್ಣ ಮಾತಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಜೈಂಟ್ಸ್ ಕರೆಸಿಕೊಂಡಿತು. 8 ಸಲ ಬ್ಯಾಟ್ ಹಿಡಿದ, 3 ಹಿಟ್ ಹೊಡೆದ. ಸರಾಸರಿ .375!

ಆಮೇಲೆ ಬಂತು ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿ, ಅದೂ ಯಾಂಕೀಸ್ ಎದುರು. ತಡವಾಗಿ ಸೇರಿದ್ದರಿಂದ ಇವನು ಆಡುವಂತಿರಲಿಲ್ಲ. ಆದರೂ ತಂಡದ ಜೊತೆಗೇ ಇರು ಅಂದ ಮೆಗ್ರಾ. ಸಂಬಳ ಕೊಡುತ್ತೀರಾ ಅಂತ ಇವನು ಕೇಳಿದ. ಇಲ್ಲ ಅಂದರು. ಹಾಗಾದರೆ ಅಮೆರಿಕನ್ ಫುಟ್‌ಬಾಲ್ ಆಡಿ ದುಡಿಯುತ್ತೇನೆ ಅಂತ ಹೊರಟೇಬಿಟ್ಟ.

ಇದು ಅಹಂಕಾರವಾ, ಹೇಳು? ಅವನ ಹೆಸರಿನಿಂದ ಟಿಕೆಟ್ ಮಾರಬೇಕು, ಅವನು ಮಾತ್ರ ಪುಕ್ಕಟೆ ಕೂತಿರಬೇಕು. 22 ವರ್ಷದ ಹುಡುಗ ಕೇಳಿದ್ದು ಕೂಲಿ, ದಾನವಲ್ಲ. ನನಗಂತೂ ಆ 49 ಹೋಮ್ ರನ್‌ಗಿಂತ ಈ ಒಂದು ಪ್ರಶ್ನೆ ಕೇಳಿದ್ದಕ್ಕೇ ಅವನ ಮೇಲೆ ಗೌರವ ಜಾಸ್ತಿ.

ಮೆಗ್ರಾ ಕ್ಷಮಿಸಲಿಲ್ಲ. ಸಾಲೊಮನ್‌ನನ್ನು ಟೊಲೀಡೊ ತಂಡಕ್ಕೆ ಕಳಿಸಿಬಿಟ್ಟರು. ಕೆಲವು ವರ್ಷ ಸಣ್ಣ ಲೀಗ್‌ಗಳಲ್ಲೇ ಆಡಿದ, 1966ರಲ್ಲಿ ಮಯಾಮಿಯಲ್ಲಿ ತೀರಿಕೊಂಡ. ಇತ್ತ ಮೆಗ್ರಾ ಹುಡುಕಾಟ ನಿಲ್ಲಿಸಲಿಲ್ಲ. 1928ರಲ್ಲಿ ಆ್ಯಂಡಿ ಕೋಹೆನ್ ಅನ್ನುವ ಇನ್ನೊಬ್ಬ ಯಹೂದಿ ಆಟಗಾರನನ್ನು ಸೆಕೆಂಡ್ ಬೇಸ್ ಕಾಯಲು ತಂದು ನಿಲ್ಲಿಸಿದ. ಅವನ ಕಥೆ ಇನ್ನೊಂದು ಪತ್ರದಲ್ಲಿ.

ನೀನಾಗಿದ್ದರೆ ಸಂಬಳವಿಲ್ಲದೆ ಉಳಿಯುತ್ತಿದ್ದೆಯಾ? ಸುಮ್ನೆ ಹೂಂ ಅನ್ನಬೇಡ, ಯೋಚಿಸಿ ಬರೆ.

ನಿನ್ನವನೇ