ಕುಟ್ಟನಾಡು ಎಂದರೆ ದೋಣಿಮನೆಯಷ್ಟೇ ಅಲ್ಲ

ಮಾನ್ಯರೇ,

ಕೇರಳದ ಆಲಪ್ಪುಳದ ದೋಣಿಮನೆಯಲ್ಲಿ ಒಂದು ರಾತ್ರಿ ಕಳೆದು ಬರುವ ನಮ್ಮವರು, ಪಕ್ಕದ ಗದ್ದೆ ನೀರಿಗಿಂತ ತಗ್ಗಿನಲ್ಲಿರುವುದನ್ನು ಒಮ್ಮೆ ನಿಂತು ನೋಡಬೇಕು. ಆ ಪ್ರದೇಶವೇ ಕುಟ್ಟನಾಡು; ಅಲ್ಲಿನ ಬಹಳಷ್ಟು ಗದ್ದೆಗಳು ಸಮುದ್ರಮಟ್ಟಕ್ಕಿಂತ 1ರಿಂದ 3 ಮೀಟರ್ ಕೆಳಗಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿದೆ.

ಹಿಂದೆ ಕಾರ್ಮಿಕರು ಕೆರೆಯಂಥ ಕಾಯಲಿನ (ಹಿನ್ನೀರಿನ) ತಳಕ್ಕೆ ಮುಳುಗಿ ಜೇಡಿಮಣ್ಣಿನ ಹೆಂಟೆ ತೆಗೆದು, ತೆಂಗಿನ ಗೂಟಗಳ ನಡುವೆ ತುಂಬಿ ಒಡ್ಡು ಕಟ್ಟುತ್ತಿದ್ದರು. ಮಳೆ ಮುಗಿದ ಮೇಲೆ 'ಪೆಟ್ಟಿ-ಪರ'ದಿಂದ ನೀರು ಹೊರಹಾಕುತ್ತಾರೆ: ನಿಂತ ಪೀಪಾಯಿಯೊಳಗೆ ರೆಕ್ಕೆ ತಿರುಗಿ ನೀರೆತ್ತುತ್ತದೆ, ಮರದ ಪೆಟ್ಟಿಗೆ ಅದನ್ನು ಒಡ್ಡಿನಾಚೆ ಚೆಲ್ಲುತ್ತದೆ. ಒಂದೇ ಒಡ್ಡಿನೊಳಗಿನ ಗದ್ದೆಗಳ ಗುಂಪಾದ ಇಡೀ ಪಾಡಶೇಖರದ ನೀರು ಒಟ್ಟಿಗೇ ಇಳಿಯುವುದರಿಂದ ಎಲ್ಲರೂ ಒಟ್ಟಿಗೇ ಬಿತ್ತಬೇಕು. ಒಡ್ಡು ಒಂದೆಡೆ ಒಡೆದರೂ ಎಲ್ಲರ ಪೈರು ಮುಳುಗುತ್ತದೆ.

ಕಷ್ಟವಿರುವುದು ಕಾಯಲಿಗೆ ಅಡ್ಡಲಾಗಿ ಕಟ್ಟಿದ ತಣ್ಣೀರ್‌ಮುಕ್ಕಂ ಅಣೆಕಟ್ಟಿನಲ್ಲಿ. ಉಪ್ಪುನೀರು ತಡೆಯಲು ಸಾಮಾನ್ಯವಾಗಿ ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಅದರ ಬಾಗಿಲು ಮುಚ್ಚಬೇಕು. ಬಿತ್ತನೆ ತಡವಾದರೆ ಕೊಯ್ಲೂ ತಡ, ಬಾಗಿಲು ತೆರೆಯುವುದೂ ತಡ. ಉಪ್ಪು ತಾಗದೆ ಅಂತರಗಂಗೆ ಸಾಯುವುದಿಲ್ಲ, ಸಮುದ್ರದಿಂದ ಸೀಗಡಿ ಮರಿ ಮೇಲೆ ಬರುವುದಿಲ್ಲ, ಕಪ್ಪು ಚಿಪ್ಪುಮೀನಿನ ಸಂತಾನ ಕುಗ್ಗುತ್ತದೆ. ರೈತನಿಗೆ ಸಿಹಿನೀರು ಬೇಕು, ಬೆಸ್ತನಿಗೆ ಸವಳುನೀರು, ಇಬ್ಬರದೂ ನ್ಯಾಯವೇ. ಸರ್ಕಾರ ಬಿತ್ತನೆಯ ದಿನವನ್ನು ಇಬ್ಬರನ್ನೂ ಕೂರಿಸಿ ನಿಗದಿಪಡಿಸಿ, ಬಾಗಿಲು ತೆರೆಯುವ ದಿನವನ್ನು ಆಗಲೇ ಘೋಷಿಸಲಿ.

– ಓದುಗರು, ಮಂಗಳೂರು